1 ಕಿಲೋವ್ಯಾಟ್ ಪೆಲ್ಟನ್ ಸೆಟ್ಟು: ಘಟ್ಟದಲ್ಲಿ ಸಾವಿರ ವ್ಯಾಟ್, ನಮ್ಮ ಕಾಲುವೆಯಲ್ಲಿ ಹನ್ನೊಂದು

ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ತೋಟಗಳಲ್ಲಿ ಹಳ್ಳದ ನೀರಿಗೆ ಕೂಡಿಸುವ ಸಣ್ಣ ಪೆಲ್ಟನ್ ಸೆಟ್ಟು (ಚಿಮ್ಮುವ ನೀರು ಬಟ್ಟಲುಗಳಿಗೆ ಬಡಿದು ಚಕ್ರ ತಿರುಗಿ ಕರೆಂಟು ಹುಟ್ಟುವ ಯಂತ್ರ) ಇಲ್ಲಿ ವಿಮರ್ಶೆಗೆ ತೆಗೆದುಕೊಂಡ ಸಾಮಾನು. ಒಂದೇ ಕಂಪನಿಯ ಮಾಲಿನ ಬಗ್ಗೆ ಬರೆದದ್ದಲ್ಲ. ಈ ಅಳತೆಯ ಸೆಟ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಲೆಕ್ಕದ ಮೇಲೆ ನಿಂತಿವೆ, ಕೆಡುವುದೂ ಅವೇ ಜಾಗಗಳಲ್ಲಿ. ಕಲಬುರಗಿ, ಬೀದರ, ಯಾದಗಿರಿಯ ಓದುಗರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಯಂತ್ರ ಒಳ್ಳೆಯದು, ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಅದಕ್ಕೆ ತಕ್ಕ ಜಾಗ ಬಹಳ ಕಡಿಮೆ. ಕಾಲುವೆಗೆಂದು, ಬೋರಿನ ನೀರಿಗೆಂದು ಇದನ್ನು ಕೊಳ್ಳಬೇಡಿ. ಚಿಂಚೋಳಿ ಗುಡ್ಡದ ಸೆರಗಿನಲ್ಲಿ ಹೊಲವಿದ್ದು ಮೇಲಿಂದ ಹಳ್ಳ ಇಳಿಯುತ್ತಿದ್ದರೆ ಮಾತ್ರ ಅಳತೆ ಮಾಡಿ ನೋಡಿ, ಆಮೇಲೆ ಯೋಚಿಸಿ.

ಡಬ್ಬದ ಮೇಲೆ "1000 ವ್ಯಾಟ್" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದರ ಕೆಳಗೆ ಸಣ್ಣದಾಗಿ ಇರುವ ಎರಡು ಅಂಕಿಗಳೇ ನಿಜವಾದ ಮಾತು: ಹೆಡ್ 40 ಮೀಟರ್, ಹರಿವು ಸೆಕೆಂಡಿಗೆ 5 ಲೀಟರ್. ಹೆಡ್ ಎಂದರೆ ಪೈಪಿನ ಬಾಯಲ್ಲಿರುವ ನೀರಿನ ಮಟ್ಟಕ್ಕೂ ಕೆಳಗೆ ನೀರು ಚಿಮ್ಮಿಸುವ ಸಣ್ಣ ಬಾಯಿಯಾದ ನಾಝಲ್‌ಗೂ ನಡುವಿನ ನೆಟ್ಟನೆಯ ಎತ್ತರ. ಪೈಪಿನ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಲೆಕ್ಕ ಸರಳ: 9.81ನ್ನು ಸೆಕೆಂಡಿನ ಲೀಟರಿನಿಂದ ಗುಣಿಸಿ, ಮತ್ತೆ ಮೀಟರಿನಿಂದ ಗುಣಿಸಿದರೆ ನೀರಿನಲ್ಲಿರುವ ಒಟ್ಟು ವ್ಯಾಟ್ ಸಿಗುತ್ತದೆ. 9.81 × 5 × 40 ಅಂದರೆ 1962 ವ್ಯಾಟ್. ಚಕ್ರ, ಜನರೇಟರ್ ಎಲ್ಲ ಸೇರಿ ಇಷ್ಟು ಸಣ್ಣ ಸೆಟ್ಟಿನಲ್ಲಿ ಅರ್ಧದಷ್ಟು ಕೈಗೆ ಸಿಗುತ್ತದೆ ಎಂದು ಹಿಡಿಯುವುದು ನ್ಯಾಯ. ಹಾಗೆ 1000 ವ್ಯಾಟ್ ಬಂತು. ಲೇಬಲ್ಲಿನಲ್ಲಿ ಸುಳ್ಳಿಲ್ಲ.

ಈಗ ಇದೇ ಸೆಟ್ಟನ್ನು ಕಾಲುವೆಯ 2 ಮೀಟರ್ ಇಳಿತಕ್ಕೆ ಕೂಡಿಸಿ. ಎತ್ತರ 20 ಪಾಲು ಇಳಿಯಿತು, ಕರೆಂಟೂ 20 ಪಾಲು ಇಳಿದು 50 ವ್ಯಾಟ್ ಆದರೂ ಬರುತ್ತದೆ ಎಂದು ಹಲವರು ಎಣಿಸುತ್ತಾರೆ. ಬರುವುದಿಲ್ಲ. ನಾಝಲ್ಲಿನ ತೂತು ಸುಮಾರು 15 ಮಿ.ಮೀ. ಮಾತ್ರ. 40 ಮೀಟರಿನಲ್ಲಿ ಆ ತೂತಿನಿಂದ ನೀರು ಸೆಕೆಂಡಿಗೆ 27 ಮೀಟರ್ ವೇಗದಲ್ಲಿ ಚಿಮ್ಮುತ್ತದೆ, 2 ಮೀಟರಿನಲ್ಲಿ 6 ಮೀಟರ್ ವೇಗದಲ್ಲಿ. ವೇಗ ಇಳಿದಾಗ ಅದೇ ತೂತಿನಿಂದ ಹೊರಬರುವ ನೀರೂ ಇಳಿದು ಸೆಕೆಂಡಿಗೆ 1.1 ಲೀಟರಿಗೆ ಬರುತ್ತದೆ. ಎತ್ತರದ ಪೆಟ್ಟು ಒಂದು, ಹರಿವಿನ ಪೆಟ್ಟು ಇನ್ನೊಂದು. ಎರಡೂ ಸೇರಿ ಉಳಿಯುವುದು 11 ವ್ಯಾಟ್. ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿದ್ದರೂ ಅಷ್ಟೇ; ಆ ನೀರು ತೂತಿನೊಳಗೆ ಹೋಗುವುದೇ ಇಲ್ಲ. ಇದೇ ರೀತಿ 10 ಮೀಟರಿನಲ್ಲಿ ಸಿಗುವುದು ಎಂಟನೇ ಒಂದು ಪಾಲು, ಅಂದರೆ 125 ವ್ಯಾಟ್. 25 ಮೀಟರಿನಲ್ಲಿ ಸುಮಾರು ಅರ್ಧ. ಅದಕ್ಕಿಂತ ಕೆಳಗಿನ ಎತ್ತರಕ್ಕೆ ಈ ಸೆಟ್ಟು ತರುವುದರಲ್ಲಿ ಅರ್ಥವಿಲ್ಲ.

ವ್ಯಾಟ್ ಕಡಿಮೆಯಾಗುವುದಷ್ಟೇ ಅಲ್ಲ, ತಿರುಗುವ ವೇಗವೂ ಕೆಡುತ್ತದೆ. ಪೆಲ್ಟನ್ ಚಕ್ರ ಚೆನ್ನಾಗಿ ಕೆಲಸ ಮಾಡುವುದು ಅದರ ಬಟ್ಟಲುಗಳು ನೀರಿನ ವೇಗಕ್ಕಿಂತ ಅರ್ಧಕ್ಕೆ ಸ್ವಲ್ಪ ಕಡಿಮೆ ವೇಗದಲ್ಲಿ ಓಡುವಾಗ. 40 ಮೀಟರ್ ಹೆಡ್ಡಿಗೆ, ಬಟ್ಟಲುಗಳ ನಡುಮಧ್ಯದಿಂದ ಅಳೆದಾಗ 160 ಮಿ.ಮೀ. ವ್ಯಾಸ ಬರುವ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದಕ್ಕೇ ನಾಲ್ಕು ಪೋಲಿನ ಜನರೇಟರನ್ನು ಬೆಲ್ಟಿಲ್ಲದೆ ನೇರವಾಗಿ ಕೂಡಿಸಿ 50 ಹರ್ಟ್ಸ್ ಪಡೆಯಲು ಸಾಧ್ಯವಾಗಿದೆ. ಅದೇ ಚಕ್ರ 10 ಮೀಟರಿನಲ್ಲಿ 750 ಸುತ್ತಿಗೆ ಬರುತ್ತದೆ. 25 ಹರ್ಟ್ಸಿನಲ್ಲಿ ಫ್ಯಾನು ಸರಿಯಾಗಿ ನಡೆಯದು. ಕೊಳ್ಳುವ ಮುನ್ನ ಚಕ್ರದ ವ್ಯಾಸ ಕೇಳಿ, ನಿಮ್ಮ ಹೆಡ್ ಹೇಳಿ, ಸುತ್ತು ಎಷ್ಟು ಬರುತ್ತದೆ ಎಂದು ಕೇಳಿ. ಮಾರುವವರು ಈ ಮೂರಕ್ಕೆ ಉತ್ತರ ಕೊಡದೆ "ಎಲ್ಲಾ ಕಡೆ ನಡೀತದ್ರಿ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಹರಿವ ನದಿಯಿಂದಲೇ ಕರೆಂಟು ತೆಗೆಯುವ ವಿದ್ಯೆ ಬೆಟ್ಟದ ಕಣಿವೆಗೆ ಹುಟ್ಟಿದ್ದು. ಹಿಮಾಚಲದ ಸಟ್ಲೆಜ್ ಕಣಿವೆಯ ನಾಥ್ಪಾ ಝಾಕ್ರಿ ಸ್ಥಾವರ 1500 ಮೆಗಾವ್ಯಾಟಿನದು. ಅಲ್ಲಿ ನದಿಗೆ ಒಡ್ಡು ಹಾಕಿ ನೀರನ್ನು 27.4 ಕಿಲೋಮೀಟರ್ ಸುರಂಗದಲ್ಲಿ ಒಯ್ಯುತ್ತಾರೆ. ಸುರಂಗದ ಇಳಿಜಾರು ಬಹಳ ಮೆಲ್ಲಗಿನದು. ಪಕ್ಕದ ನದಿ ಮಾತ್ರ ಧುಮುಕುತ್ತ ಇಳಿಯುತ್ತದೆ. ಸುರಂಗದ ತುದಿಗೆ ಬರುವಷ್ಟರಲ್ಲಿ ಎರಡರ ನಡುವೆ 428 ಮೀಟರ್ ಹೆಡ್ ಸಿಕ್ಕಿರುತ್ತದೆ. ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಈ ಉಪಾಯ ಹೊಸದಾಗಿ ಕಾಣದು. ಬಹಮನಿಗಳ ಕಾಲದ ಆ ನೆಲದಡಿಯ ಕಾಲುವೆಯೂ ಮೇಲಿನ ನೆಲಕ್ಕಿಂತ ಮೆಲ್ಲಗೆ ಇಳಿಯುತ್ತ ನೀರಿನ ಎತ್ತರವನ್ನು ಕಾಪಾಡಿಕೊಂಡೇ ಸಾಗುತ್ತದೆ. ಬಂದ ನೀರು ಅಲ್ಲಿ ಕುಡಿಯಲು, ಸಟ್ಲೆಜ್ ಕಣಿವೆಯಲ್ಲಿ ಚಕ್ರ ತಿರುಗಿಸಲು. ನಮ್ಮ ಭೀಮೆ, ಕೃಷ್ಣೆಯಲ್ಲಿ ನೀರಿದೆ, ಆ ಇಳಿತ ಇಲ್ಲ. ಇಲ್ಲಿಂದ ಮುಂದೆ ಹೋದ ಕೃಷ್ಣೆಯ ನೀರಿಗೆ ತೆಲಂಗಾಣದ ಜುರಾಲದಲ್ಲಿ 39 ಮೆಗಾವ್ಯಾಟಿನ ಆರು ಯಂತ್ರ ಕೂಡಿಸಿದ್ದಾರೆ. ಅವು ಪೆಲ್ಟನ್ ಅಲ್ಲ, ಕಡಿಮೆ ಎತ್ತರಕ್ಕೆಂದೇ ಮಾಡಿದ ಬಲ್ಬ್ ಟರ್ಬೈನುಗಳು.

ಇನ್ನು ಡಬ್ಬದೊಳಗಿನ ಸಾಮಾನು. ಚಕ್ರ ಕಂಚಿನದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಇರುತ್ತದೆ. ಸ್ಟೀಲಿನದನ್ನೇ ಕೇಳಿ. ಬಟ್ಟಲಿನ ನಡುವೆ ನೀರನ್ನು ಎರಡು ಹೋಳು ಮಾಡುವ ಏಣು ಇರುತ್ತದೆ. ಅದರ ಮೇಲೆ ಬೆರಳಾಡಿಸಿ ನೋಡಿ. ಏಣು ಚೂಪಾಗಿ, ಬಟ್ಟಲಿನ ಒಳಮೈ ನುಣುಪಾಗಿ ಇದ್ದರೆ ಒಳ್ಳೆಯ ಎರಕ. ಮೊಂಡಾಗಿದ್ದರೆ ನೀರು ಎದುರಿಗೆ ಸಿಡಿದು ಶಕ್ತಿ ಹಾಳು. ಕೆಲವರು ಬಟ್ಟಲುಗಳನ್ನು ಬೇರೆ ಬೇರೆ ಮಾಡಿ ತಟ್ಟೆಗೆ ಬೋಲ್ಟು ಹಾಕುತ್ತಾರೆ. ಒಂದು ಮುರಿದರೆ ಒಂದೇ ಬದಲಿಸಬಹುದು, ಆ ಅನುಕೂಲ ದೊಡ್ಡದು. ಆದರೆ ತಿಂಗಳಿಗೊಮ್ಮೆ ಬೋಲ್ಟು ಬಿಗಿ ನೋಡಲೇಬೇಕು.

ನಾಝಲ್ ಬದಲಿಸಲು ಬರುವಂತೆ ಎರಡು ಮೂರು ಅಳತೆಯದು ಕೊಟ್ಟಿರಬೇಕು. ಪೆಲ್ಟನ್ನಿನ ನಿಜವಾದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮಳೆ ಕಡಿಮೆಯಾಗಿ ಹಳ್ಳದ ನೀರು ಸೆಕೆಂಡಿಗೆ ಎರಡೂವರೆ ಲೀಟರಿಗೆ ಇಳಿದರೆ 15ರ ಜಾಗಕ್ಕೆ 11 ಮಿ.ಮೀ. ನಾಝಲ್ ಹಾಕಿದರಾಯಿತು, ಸುತ್ತು ಹಾಗೇ ಇರುತ್ತದೆ, ಕರೆಂಟು ಮಾತ್ರ ಅರ್ಧವಾಗುತ್ತದೆ. ಬದಲಿಸದೆ ದೊಡ್ಡ ನಾಝಲ್ಲಿನಲ್ಲೇ ಓಡಿಸಿದರೆ ಬರುವ ನೀರಿಗಿಂತ ಹೋಗುವ ನೀರು ಹೆಚ್ಚಾಗಿ ಪೈಪಿನೊಳಗಿನ ಮಟ್ಟ ಕುಸಿಯುತ್ತದೆ, ಬಾಯಿ ಗಾಳಿ ಎಳೆಯುತ್ತದೆ, ದೀಪ ಮಿಣುಕತೊಡಗುತ್ತವೆ. ಬೇಸಿಗೆಯಲ್ಲಿ "ಸೆಟ್ಟು ಕೆಟ್ಟಿದೆ" ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಜನರೇಟರ್ ಎರಡು ಬಗೆ. ಒಂದು, ಕಾಯಂ ಮ್ಯಾಗ್ನೆಟ್ಟಿನದು. ಇನ್ನೊಂದು, ಸಾಮಾನ್ಯ ಥ್ರೀ ಫೇಸ್ ಇಂಡಕ್ಷನ್ ಮೋಟರಿಗೆ ಕೆಪಾಸಿಟರ್ ಕಟ್ಟಿ ಜನರೇಟರ್ ಮಾಡಿದ್ದು. ನಮ್ಮ ಒಲವು ಎರಡನೆಯದಕ್ಕೆ. ಸುಟ್ಟರೆ ಪಂಪಿನ ಮೋಟರ್ ಕಟ್ಟುವ ಯಾವ ರಿವೈಂಡಿಂಗ್ ಅಂಗಡಿಯಲ್ಲೂ ಕಟ್ಟಿಸಬಹುದು; ಸೇಡಂ, ಹುಮನಾಬಾದ್, ಶಹಾಪುರದಲ್ಲೇ ಕೆಲಸ ಮುಗಿಯುತ್ತದೆ. ಆದರೆ ಒಂದು ಗುಣ ತಿಳಿದಿರಬೇಕು. ಲೋಡು ಇದ್ದಾಗಲೇ ನಿಲ್ಲಿಸಿದರೆ ಅಥವಾ ಬಹಳ ದಿನ ಸುಮ್ಮನೆ ಇಟ್ಟರೆ ಒಳಗಿನ ಉಳಿಕೆ ಕಾಂತತೆ ಹೋಗಿ, ಚಕ್ರ ತಿರುಗಿದರೂ ಕರೆಂಟು ಹುಟ್ಟದು. ಆಗ ಸೆಟ್ಟು ನಿಲ್ಲಿಸಿ, ಕೆಪಾಸಿಟರ್ ಬಿಚ್ಚಿ, 12 ವೋಲ್ಟ್ ಬ್ಯಾಟರಿಯನ್ನು ಮೋಟರಿನ ಎರಡು ತಂತಿಗೆ ಕ್ಷಣಮಾತ್ರ ತಾಗಿಸಿದರೆ ಮತ್ತೆ ಏಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಲೋಡ್ ಕಂಟ್ರೋಲರ್. ಸಣ್ಣ ಸೆಟ್ಟಿನಲ್ಲಿ ನೀರನ್ನು ಕೂಡಿಸಿ ಕಳೆಯುವ ಗವರ್ನರ್ ಇರುವುದಿಲ್ಲ. ನೀರು ಒಂದೇ ಸಮ ಬೀಳುತ್ತದೆ, ಕರೆಂಟೂ ಒಂದೇ ಸಮ ಹುಟ್ಟುತ್ತದೆ. ಮನೆಯಲ್ಲಿ ದೀಪ ಆರಿಸಿದಾಗ ಉಳಿದ ಕರೆಂಟನ್ನು ಈ ಡಬ್ಬ ಹೀಟರಿಗೆ ತಳ್ಳುತ್ತದೆ. ಹೀಟರ್ ಕಾಯಿಲ್ ಸುಟ್ಟರೆ ಅಥವಾ ಅದರ ತಂತಿ ಸಡಿಲವಾದರೆ ಲೋಡೇ ಇಲ್ಲದೆ ಚಕ್ರ ಓಡಿಹೋಗುತ್ತದೆ, 1500 ಇದ್ದ ಸುತ್ತು 2700 ದಾಟಬಹುದು. ಕಾಯಂ ಮ್ಯಾಗ್ನೆಟ್ಟಿನದಾದರೆ ವೋಲ್ಟೇಜು ಅದರ ಜೊತೆಗೇ ಏರಿ ಮನೆಯ ಬಲ್ಬುಗಳೆಲ್ಲ ಹೋಗುತ್ತವೆ. ಆದ್ದರಿಂದ ಹೀಟರುಗಳ ಒಟ್ಟು ಬಲ ಜನರೇಟರಿಗಿಂತ ಶೇ. 20 ಹೆಚ್ಚಿರಲಿ, ಒಂದರ ಬದಲು ಎರಡು ಕಾಯಿಲ್ ಇರಲಿ, ವೋಲ್ಟೇಜು ಏರಿದರೆ ಮನೆಯ ಲೈನು ಕಡಿಯುವ ರಿಲೇ ಬೇರೆಯಾಗಿಯೇ ಇರಲಿ. ಆ ರಿಲೇ ಇಲ್ಲದ ಸೆಟ್ಟಿಗೆ ನಾವು ಪೂರ್ತಿ ಅಂಕ ಕೊಡುವುದಿಲ್ಲ, ಉಳಿದದ್ದು ಎಷ್ಟೇ ಚೆಂದವಿದ್ದರೂ.

ಈ ಸೆಟ್ಟಿನಿಂದ 1 ಎಚ್‌ಪಿ ಮೋಟರ್ ಎಬ್ಬಿಸುವ ಆಸೆಯನ್ನೂ ಬಿಡಬೇಕು. ಮೋಟರ್ ಏಳುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು. ದೀಪ, ಟಿವಿ, ಫ್ಯಾನು, ಮಿಕ್ಸರ್, ಮೊಬೈಲ್ ಚಾರ್ಜು: ಇಷ್ಟಕ್ಕೆ ಧಾರಾಳ.

ಡಬ್ಬದಲ್ಲಿ ಬರದ ಸಾಮಾನೇ ಹೆಚ್ಚು ಖರ್ಚಿನದು. ಪೈಪನ್ನೇ ತೆಗೆದುಕೊಳ್ಳಿ. 150 ಮೀಟರ್ ಉದ್ದದ ಎಚ್‌ಡಿಪಿಇ ಪೈಪಿನಲ್ಲಿ ಸೆಕೆಂಡಿಗೆ 5 ಲೀಟರ್ ಹರಿದರೆ 63 ಮಿ.ಮೀ. ಪೈಪಿನಲ್ಲಿ ಉಜ್ಜಾಟಕ್ಕೇ 9 ಮೀಟರಿನಷ್ಟು ಹೆಡ್ ಹೋಗುತ್ತದೆ. 75ರಲ್ಲಿ 4 ಮೀಟರ್, 90ರಲ್ಲಿ 2 ಮೀಟರಿಗೂ ಕಡಿಮೆ. 63ರ ಪೈಪು ಅಗ್ಗವೆಂದು ತಂದವರು ಗುಡ್ಡದ ಕಾಲು ಭಾಗವನ್ನೇ ಕಳೆದುಕೊಂಡಂತೆ. 90 ಹಾಕಿ, ಒತ್ತಡದ ದರ್ಜೆ 6 ಕೆ.ಜಿ.ಗಿಂತ ಕಡಿಮೆ ಬೇಡ. ಕೆಳಗಿನ ವಾಲ್ವ್ ಗೇಟ್ ಬಗೆಯದ್ದಾಗಿರಲಿ. ನಿಧಾನವಾಗಿ ತಿರುಗಿಸಿಯೇ ಮುಚ್ಚಬೇಕು. ಕೈಹಿಡಿ ಒಂದು ಸಲ ಎಳೆದರೆ ಮುಚ್ಚುವ ಬಾಲ್ ವಾಲ್ವ್ ಹಾಕಿದರೆ ಓಡುವ ನೀರು ತಟ್ಟನೆ ನಿಂತು, 40 ಮೀಟರಿನ ಒತ್ತಡದ ಮೇಲೆ ಇನ್ನೂ 25–30 ಮೀಟರಿನಷ್ಟು ಪೆಟ್ಟು ಬೀಳುತ್ತದೆ. ಕೀಲು ಬಿಡುವುದು ಆಗಲೇ. ಮೇಲ್ತುದಿಯಲ್ಲಿ, ಬಾಯಿಯಿಂದ ಸ್ವಲ್ಪ ಕೆಳಗೆ, ನೆಟ್ಟಗೆ ಒಂದು ಗಾಳಿ ಪೈಪು ಬೇಕು. ಬಾಯಿಗೆ ಎಲೆ ಕವಿದು ನೀರು ಕಟ್ಟಿದರೆ ಒಳಗಿನ ನೀರು ಇಳಿಯುತ್ತ ಹೋಗಿ ಪೈಪು ಚಪ್ಪಟೆಯಾಗುತ್ತದೆ. ಗಾಳಿ ಪೈಪಿದ್ದರೆ ಉಳಿಯುತ್ತದೆ.

ಪೈಪಿಗೆ ನೀರು ಬಿಡುವ ಮುಂಚೆ ಉಸುಕು ಕೂಡಿಸುವ ತೊಟ್ಟಿ ಬೇಕು. ಈ ಹರಿವಿಗೆ 2 ಮೀಟರ್ ಉದ್ದ, 60 ಸೆಂ.ಮೀ. ಅಗಲ, ಅರ್ಧ ಮೀಟರ್ ನೀರಿನ ಆಳ ಸಾಕು. ಶಹಾಬಾದ್ ಫರಸಿ ನಿಲ್ಲಿಸಿ ಸಿಮೆಂಟು ಬಳಿದರೆ ಚೆನ್ನಾಗಿ ಬಾಳುತ್ತದೆ, ತಳ ತೊಳೆಯುವುದೂ ಸುಲಭ. ತಳದಲ್ಲಿ ತೊಳೆಯುವ ತೂಬು, ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 30 ಸೆಂ.ಮೀ. ಕೆಳಗೆ, ಮುಂದೆ ಓರೆಯಾಗಿ ನಿಲ್ಲಿಸಿದ ಜಾಳಿಗೆ. ಹಿಮಾಲಯದ ನದಿಗಳ ಬೆಣಚುಕಲ್ಲಿನ ಉಸುಕು ಟರ್ಬೈನನ್ನು ಅರೆದು ಹಾಕುತ್ತದೆ. ನಾಥ್ಪಾ ಝಾಕ್ರಿಯಂಥ ದೊಡ್ಡ ಸ್ಥಾವರವೇ ನೀರಿನಲ್ಲಿ ಹೂಳು ಮಿತಿ ಮೀರಿದಾಗ ಯಂತ್ರ ನಿಲ್ಲಿಸುತ್ತದೆ. ನಮ್ಮ ಎರಿ ಮಣ್ಣಿನ ಕೆಸರು ಅಷ್ಟು ಅರೆಯುವುದಿಲ್ಲ. ಆದರೆ ಅದು ತೊಟ್ಟಿಯಲ್ಲಿ ಕೂಡುವುದೂ ಇಲ್ಲ, ನೀರಿನ ಜೊತೆಗೇ ಸಾಗಿ ಬೇರಿಂಗಿನ ಸೀಲಿನಲ್ಲಿ ಸೇರುತ್ತದೆ. ಹಾಗಾಗಿ ಜನರೇಟರ್ ಮೇಲೆ, ಚಕ್ರ ಕೆಳಗೆ ಇರುವ ನೆಟ್ಟನೆಯ ಜೋಡಣೆಯ ಸೆಟ್ಟನ್ನೇ ಆರಿಸಿ. ಸಿಡಿದ ನೀರು ಮೇಲಕ್ಕೆ ಹತ್ತದಂತೆ ಶಾಫ್ಟಿನ ಮೇಲೆ ರಬ್ಬರ್ ತಟ್ಟೆ ಇದೆಯೇ ನೋಡಿ.

ತಂತಿಯಲ್ಲೂ ಕಂಜೂಸಿ ಬೇಡ. ಮನೆ 200 ಮೀಟರ್ ದೂರವಿದ್ದು ಒಂದೂವರೆ ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ ಪೂರ್ತಿ ಲೋಡಿನಲ್ಲಿ 21 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಎರಡೂವರೆಯದರಲ್ಲಿ 13.

ಕಾಲುವೆಯ ಮಾತಿಗೆ ಮತ್ತೆ ಬರೋಣ, ಯಾಕೆಂದರೆ ಶಹಾಪುರ, ಸುರಪುರ, ಜೇವರ್ಗಿ ಕಡೆ ಹೆಚ್ಚಿನವರ ಕಣ್ಣು ಅಲ್ಲೇ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ಜಾಲದಲ್ಲಿ ಕರೆಂಟು ತೆಗೆಯಲು ಬರುವುದೇ ಇಲ್ಲ ಎಂದಲ್ಲ. ಶಹಾಪುರ ಶಾಖಾ ಕಾಲುವೆಯ ಇಳಿತಗಳಲ್ಲಿ ಮಿನಿ ಹೈಡ್ರೊ ಸ್ಥಾವರಗಳು ಇವೆ. ಅವು ಇಡೀ ಶಾಖಾ ಕಾಲುವೆಯ ನೀರನ್ನು ಬಳಸುವ, ಕಡಿಮೆ ಎತ್ತರದ ಯಂತ್ರಗಳು. 2 ಮೀಟರ್ ಇಳಿತದಲ್ಲಿ 1 ಕಿಲೋವ್ಯಾಟ್ ಬೇಕೆಂದರೆ ಸೆಕೆಂಡಿಗೆ 102 ಲೀಟರ್ ನೀರು ಬೇಕು. ಒಂದು ಕ್ಯೂಸೆಕ್ ಅಂದರೆ 28.3 ಲೀಟರ್, ಲೆಕ್ಕ ಮೂರೂವರೆ ಕ್ಯೂಸೆಕ್ ದಾಟುತ್ತದೆ. ಹೊಲಗಾಲುವೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಬಂದರೂ ಸರದಿಯಂತೆ ನೀರು ನಿಲ್ಲಿಸುವ ವಾರಾಬಂದಿಯ ದಿನ ಕಾಲುವೆ ಒಣಗಿರುತ್ತದೆ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಇಂಥ ಇಳಿತಕ್ಕೆ ಹೊಂದುವುದು ಪ್ರೊಪೆಲ್ಲರ್ ಅಥವಾ ದೊಡ್ಡ ತಿರುಪಿನಂತಿರುವ ಸ್ಕ್ರೂ ಟರ್ಬೈನು, ಪೆಲ್ಟನ್ ಅಲ್ಲ. ಯಾವುದೇ ಆಗಲಿ, ಕೃಷ್ಣಾ ಭಾಗ್ಯ ಜಲ ನಿಗಮದ ಒಪ್ಪಿಗೆಯಿಲ್ಲದೆ ಕಾಲುವೆಗೆ ಒಡ್ಡಾಗಲಿ ಪೈಪಾಗಲಿ ಹಾಕುವಂತಿಲ್ಲ. ಕೆಳಗಿನ ರೈತರ ಪಾಲಿನ ನೀರಿಗೆ ಅಡ್ಡ ನಿಂತ ಯಂತ್ರ ಎಷ್ಟು ವ್ಯಾಟ್ ಕೊಟ್ಟರೂ ಬೇಡ.

ಬೋರಿನ ನೀರಿನ ವಿಷಯ ಇನ್ನೂ ಗಂಭೀರ. ಬೋರಿನ ಪಂಪಿನಿಂದ ನೀರು ಚಿಮ್ಮಿಸಿ ಟರ್ಬೈನ್ ತಿರುಗಿಸಿ, ಅದೇ ಕರೆಂಟಿನಿಂದ ಪಂಪು ಓಡಿಸಿ, ಮೇಲೆ ಮನೆಗೂ ದೀಪ ಹಚ್ಚುವ ವಿಡಿಯೋಗಳನ್ನು ನಂಬಿ ದುಡ್ಡು ಹಾಕಬೇಡಿ. ಸೆಕೆಂಡಿಗೆ 5 ಲೀಟರನ್ನು 40 ಮೀಟರ್ ಒತ್ತಡದಲ್ಲಿ ಕೊಡಲು ಶೇ. 60 ದಕ್ಷತೆಯ ಪಂಪು 3.3 ಕಿಲೋವ್ಯಾಟ್ ತಿನ್ನುತ್ತದೆ. ಟರ್ಬೈನ್ ತಿರುಗಿ ಕೊಡುವುದು 1 ಕಿಲೋವ್ಯಾಟ್. ಪ್ರತಿ ಗಂಟೆಗೂ ಎರಡೂ ಕಾಲು ಯೂನಿಟ್‌ಗೂ ಹೆಚ್ಚು ನಷ್ಟ, ಅದೂ ಆಳದ ಬೋರಿನಿಂದ ನೀರು ಮೇಲೆ ತರುವ ಖರ್ಚು ಹಿಡಿಯದೆ. ಪಂಪನ್ನೂ ಚಕ್ರವನ್ನೂ ಎಷ್ಟೇ ತಿದ್ದಿದರೂ ಈ ಲೆಕ್ಕ ತಿರುಗುಮುರುಗಾಗುವುದಿಲ್ಲ. ಆ ವಿಡಿಯೋಗಳಲ್ಲಿ ಎಲ್ಲೋ ಮರೆಯಲ್ಲಿ ಜೆಸ್ಕಾಂ ತಂತಿಯೋ ಬ್ಯಾಟರಿಯೋ ಇದ್ದೇ ಇರುತ್ತದೆ.

ಇದೇ ಜೋಡಣೆ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮಾತ್ರ ಬಹಳ ಉಪಯೋಗದ್ದು. 5 ಎಚ್‌ಪಿ ಪಂಪು, ನೀರು ಮರಳಿ ಬೀಳುವ ತೊಟ್ಟಿ, ನಾಝಲ್ಲಿನ ಹಿಂದೆ ಒಂದು ಒತ್ತಡದ ಮೀಟರು ಇದ್ದರೆ ಗುಡ್ಡವಿಲ್ಲದ ಊರಿನ ಹುಡುಗರಿಗೂ 40 ಮೀಟರ್ ಹೆಡ್ ತೋರಿಸಬಹುದು. ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚುತ್ತ ಹೋದಂತೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಕರೆಂಟು ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಕಣ್ಣೆದುರೇ ಪಾಠ. ಈ ಕೆಲಸಕ್ಕೆ ನಾವು ಸೆಟ್ಟನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇವೆ.

ಉಳಿದದ್ದು ಚಿಂಚೋಳಿ ಕಡೆಯ ಗುಡ್ಡದ ಹಳ್ಳಗಳು. ಎತ್ತರ ಅಳೆಯಲು ಮೊಬೈಲಿನ ಆಪ್ ನಂಬಬೇಡಿ. ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪು ಸಾಕು. ಮೇಲಿನಿಂದ ಒಂದೊಂದೇ ಹೆಜ್ಜೆ ಇಳಿಯುತ್ತ ಪ್ರತಿ ಸಲದ ವ್ಯತ್ಯಾಸ ಬರೆದು ಕೂಡಿಸಿ, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಅಳೆದು ತಾಳೆ ನೋಡಿ. ಹರಿವಿಗೆ, ಹಲಗೆಯಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿ ಹಳ್ಳಕ್ಕೆ ಅಡ್ಡ ಇಡಿ. ಸುತ್ತ ನೀರು ಸೋರದಂತೆ ಜೇಡಿ ಮಣ್ಣು ಮೆತ್ತಿ. ಹಲಗೆಯ ಹಿಂದೆ ಅರ್ಧ ಮೀಟರ್ ದೂರದಲ್ಲಿ, ನಿಂತ ನೀರು ಕಚ್ಚಿನ ತುದಿಗಿಂತ ಎಷ್ಟು ಮೇಲಿದೆ ಎಂದು ಅಳೆಯಿರಿ. 10.5 ಸೆಂ.ಮೀ. ಇದ್ದರೆ ಸೆಕೆಂಡಿಗೆ 5 ಲೀಟರ್, 8 ಸೆಂ.ಮೀ. ಇದ್ದರೆ ಎರಡೂವರೆ. ಆಗಸ್ಟಿನ ಅಳತೆ ಎಲ್ಲರಿಗೂ ಚೆಂದ ಕಾಣುತ್ತದೆ, ಡಿಸೆಂಬರಿನದೇ ಖರೆ ಅಳತೆ. ವರ್ಷವಿಡೀ ನೀರಿದ್ದರೆ ಈ ಸೆಟ್ಟು ದಿನಕ್ಕೆ 24 ಯೂನಿಟ್ ಕೊಡುತ್ತದೆ, 1 ಕಿಲೋವ್ಯಾಟ್ ಸೋಲಾರ್ ಕೊಡುವುದು ಸುಮಾರು 4. ಆದರೆ ಹಳ್ಳ ದೀಪಾವಳಿಗೇ ಬತ್ತುವುದಾದರೆ, ಮನೆಗೆ ಲೈನು ಬಂದಿದ್ದು ಗೃಹಜ್ಯೋತಿಯಲ್ಲೇ ಬಿಲ್ಲು ಮುಗಿಯುತ್ತಿದ್ದರೆ, ಪೈಪಿಗೆ ಹಾಕುವ ದುಡ್ಡು ಹೊಲದ ಒಡ್ಡಿಗೆ ಹಾಕಿ. ಲೈನೇ ಇಲ್ಲದ ತೋಟದ ಮನೆಗೆ ಸೋಲಾರ್ ಸಾಕು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ.

ಅಳತೆ ಕೈಗೂಡಿ ಕೊಂಡೇಬಿಟ್ಟರೆ ಸೆಟ್ಟಿನ ಜೊತೆಗೇ ಇವನ್ನೂ ತರಿಸಿಕೊಳ್ಳಿ, ಆಮೇಲೆ ಹುಡುಕುವುದು ಕಷ್ಟ: ಬೇರಿಂಗು ಮತ್ತು ಸೀಲು ಒಂದು ಜೋಡಿ, ಹೀಟರ್ ಕಾಯಿಲ್ ಎರಡು, ಕೆಪಾಸಿಟರ್ ಒಂದು ಸೆಟ್ಟು, 11 ಮತ್ತು 15ರ ನಾಝಲ್ ಒಂದೊಂದು, ಬಟ್ಟಲು ಬಿಡಿಬಿಡಿಯದಾದರೆ ಬೋಲ್ಟು ಸಹಿತ ಎರಡು. ಬೇರಿಂಗಿನ ನಂಬರನ್ನು ಕಂಟ್ರೋಲರ್ ಡಬ್ಬದ ಬಾಗಿಲ ಒಳಗೆ ಪೇಂಟಿನಲ್ಲಿ ಬರೆದಿಡಿ.